ಭಾವನ ಜೊತೆ ಕುಣಿಗಲ್ ಕೆರೆ ನೋಡಿದ್ದು

ಹಂಪಿಗೆ ಹೋಗೋಣವೆಂದು ನನ್ನ ಹೆಂಡತಿ ಕಳೆದ ವಾರ ಅಟ್ಟದಿಂದ ಬ್ಯಾಗು ಇಳಿಸಿದಳು. ಧೂಳು ಹೋಗಲೆಂದು ಅದನ್ನು ಬೋರಲು ಹಿಡಿದು ಬಡಿದಾಗ ಒಳಗಿನಿಂದ ಪುಟ್ಟದೊಂದು ಸ್ಟೀಲ್ ಲೋಟ ಉರುಳಿ ಬಿತ್ತು. ನಾಮಕರಣಕ್ಕೆ ಉಡುಗೊರೆ ಕೊಡುತ್ತಾರಲ್ಲ, ಅಂಥದ್ದು. ಮೊಮ್ಮಗುವಿನದಿರಬೇಕು ಎಂದುಕೊಂಡು ಅಡುಗೆಮನೆಯ ಕಡೆ ಹೊರಟವಳು ನನ್ನ ಮುಖ ನೋಡಿ ನಿಂತಳು. ಆಮೇಲೆ ಲೋಟವನ್ನು ನನ್ನ ಕೈಗೆ ಕೊಟ್ಟು ಹೋದಳು. ಅದು ನನ್ನ ಭಾವನ ಲೋಟ. ಕೊನೆಯ ಕಾಲದಲ್ಲಿ ಅವರು ಕುಡಿಯುವ ನೀರೆಲ್ಲ ಆ ಲೋಟದಲ್ಲೇ ಅಳತೆಯಾಗಬೇಕಿತ್ತು.

ಹಂಪಿಯ ಮಾತು ಅಲ್ಲಿಗೇ ನಿಂತಿತು. ನಿಮಗೂ ಅದರಿಂದ ನಷ್ಟವಿಲ್ಲ. ಹಂಪಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಸಿ.ಎಸ್. ಪುರದಿಂದ ಗುಬ್ಬಿಯ ಮೇಲೆ ತುಮಕೂರಿಗೆ ಬರುವ ಬಸ್ಸಿನ ಬಗ್ಗೆ ಯಾರಾದರೂ ಪ್ರವಾಸ ಕಥನ ಬರೆದದ್ದು ನಾನು ಕಾಣೆ. ಆ ಕೆಲಸವನ್ನು ನಾನೇ ಮಾಡಬೇಕು.

ಪ್ರವಾಸದ ವಿಚಾರದಲ್ಲಿ ನನ್ನನ್ನು ನೀವು ಕಡಿಮೆ ಎಣಿಸಬಾರದು. ಬದುಕಿಡೀ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು. ಗೋಡೆಗೆ ನಕ್ಷೆ ತೂಗುಹಾಕಿ, ಬೆತ್ತದ ತುದಿಯಲ್ಲಿ ಗಂಗೆಯನ್ನೂ ಬ್ರಹ್ಮಪುತ್ರವನ್ನೂ ಕಾಲು ಒದ್ದೆ ಮಾಡಿಕೊಳ್ಳದೆ ದಾಟಿದವನು. ರಿಟೈರ್ ಆದ ಮೇಲೆ ನಮ್ಮ ಉಪ್ಪಾರಹಳ್ಳಿಯಿಂದ ಹೊರಡುವ ಟೂರಿಸ್ಟ್ ಬಸ್ಸುಗಳಲ್ಲಿ ಕುಳಿತು ಕಾಶಿ, ರಾಮೇಶ್ವರ, ಪುರಿ ಎಲ್ಲವನ್ನೂ ನೋಡಿ ಬಂದೆ. ನೋಡಿ ಬಂದೆ ಎನ್ನುವುದು ವಾಡಿಕೆಯ ಮಾತು. ಬಸ್ಸು ಹೊರಟ ತಕ್ಷಣ ನಿದ್ದೆ, ನಿಂತ ತಕ್ಷಣ ಇಳಿದು ಫೋಟೋ. ಕಾಶಿಯಲ್ಲಿ ಗಂಗೆಯ ಬಣ್ಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಫೋನು ತೆಗೆದು ನೋಡಿ ಹೇಳಬೇಕು.

ಈ ನಿದ್ದೆಗೆ ಕಾರಣ ನಮ್ಮವ್ವ. ನಾವು ಹುಟ್ಟಿ ಬೆಳೆದದ್ದು ಕುಣಿಗಲ್ ಪಕ್ಕದ ಹಳ್ಳಿಯಲ್ಲಿ. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ವಾಂತಿ. ಅವ್ವ ನನ್ನ ಮುಷ್ಟಿಯೊಳಗೆ ನಿಂಬೆಹಣ್ಣು ಇಟ್ಟು, “ಕಣ್ ಮುಚ್ಕಂಡಿರು. ಕಣ್ ಬುಟ್ಟೆ ಅಂದ್ರೆ ಬತ್ತೈತೆ ನೋಡು ಈಚೆಗೆ,” ಎಂದು ತೊಡೆಗೆ ಒತ್ತಿಕೊಳ್ಳುತ್ತಿದ್ದಳು. ನಂಟರ ಮನೆಗೆ ಬಾಡಿನ ಸಾರು ಒಯ್ಯುವಾಗ ಗಾಳಿ ಸೋಕದಿರಲೆಂದು ಅವಳು ಡಬ್ಬಿಯ ಮೇಲೆ ಇದ್ದಿಲ ಚೂರು ಇಡುತ್ತಿದ್ದಳು. ಸಾರಿಗೆ ಇದ್ದಿಲು, ನನಗೆ ನಿಂಬೆಹಣ್ಣು. ಇಬ್ಬರೂ ಸುರಕ್ಷಿತವಾಗಿ ಊರು ಸೇರುತ್ತಿದ್ದೆವು. ಕಿಟಕಿಯ ಸೀಟು ಯಾವಾಗಲೂ ನನ್ನ ಅಕ್ಕ ಗೌರಕ್ಕನದು. ಕುಣಿಗಲ್ಲಿನ ಕುದುರೆ ಫಾರಂ ಬಂದಾಗ ಅವಳು ಕಿರುಚುತ್ತಿದ್ದಳು. ಬಿಳಿ ಕುದುರೆ, ಕಂದು ಕುದುರೆ, ಅಗೋ ಮರಿ ಎಂದು. ನಾನು ಕಣ್ಣು ಮುಚ್ಚಿಕೊಂಡೇ, “ಸುಳ್ಳು, ಸುಳ್ಳು,” ಎಂದು ಅಳುತ್ತಿದ್ದೆ. ಹೀಗೆ ಕುದುರೆಗಳ ಊರಿನ ಪಕ್ಕದಲ್ಲೇ ಬೆಳೆದೂ ಕುದುರೆಯನ್ನು ನಾನು ಮೊದಲು ನೋಡಿದ್ದು ಸರ್ಕಸ್ಸಿನಲ್ಲಿ.

ಗೌರಕ್ಕನನ್ನು ಕೊಟ್ಟದ್ದು ಸಿ.ಎಸ್. ಪುರದ ಕಡೆಗೆ. ಭಾವ ರಂಗಪ್ಪನವರದು ಒಂದು ತೆಂಗಿನ ತೋಟ, ಪಕ್ಕಕ್ಕೆ ರಾಗಿ ಹೊಲ. ದೊಡ್ಡ ಗಂಟಲಿನ ಮನುಷ್ಯ. ಮದುವೆಯ ದಿನದಿಂದಲೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ದಿಬ್ಬಣದ ಬಸ್ಸಿನಲ್ಲಿ ನಾನು ಮಾಡಿಕೊಂಡ ಅನಾಹುತ ನೋಡಿ ‘ವಾಂತಿರಾಯ’ ಎಂದು ಹೆಸರಿಟ್ಟರು. ನನಗೆ ಕೆಲಸ ಸಿಕ್ಕ ಮೇಲೆ ಬಡ್ತಿ ಕೊಟ್ಟು ‘ಮೇಷ್ಟ್ರು’ ಎಂದರು. ಭಾವ–ಭಾಮೈದರ ನಂಟಸ್ತಿಕೆ ಇರುವುದೇ ಕಾಲೆಳೆಯಲಿಕ್ಕೆ ಎಂದು ನಂಬಿದವರು.

ಅಂಥವರ ಎರಡೂ ಕಿಡ್ನಿಗಳನ್ನು ಸಕ್ಕರೆ ಕಾಯಿಲೆ ಒಳಗೊಳಗೇ ತಿಂದುಹಾಕಿತ್ತು. ಗೊತ್ತಾಗುವ ಹೊತ್ತಿಗೆ ಡಯಾಲಿಸಿಸ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಬೇರೆ ಕಿಡ್ನಿ ಹಾಕೋಣವೆಂದರೆ ಹೃದಯ ಗಟ್ಟಿಯಿಲ್ಲ ಎಂದರು. ವಾರಕ್ಕೆ ಮೂರು ಸಲ ತುಮಕೂರಿನ ಆಸ್ಪತ್ರೆಗೆ ಬಂದು ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಹೋಗಬೇಕು. ತಪ್ಪಿಸಿದರೆ ಸಾವು. ತಪ್ಪಿಸದಿದ್ದರೆ ಎಷ್ಟು ದಿನ ಎಂದು ಡಾಕ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಕ್ಕನಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಒಬ್ಬಳೇ ಮಗಳು ಸುಮ ಕುಣಿಗಲ್ಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಅಲ್ಲೇ ಶಾಲೆಯಲ್ಲಿ ಟೀಚರು. ಜೊತೆಗೆ ಹೋಗುವವರು ಯಾರು ಎಂಬ ಪ್ರಶ್ನೆ ಬಂದಾಗ ನನ್ನ ಹೆಂಡತಿ, “ನೀವು ಮನೇಲಿದ್ದು ಏನು ಕಡಿದು ಕಟ್ಟೆ ಹಾಕೋದಿದೆ? ಹೋಗಿ,” ಎಂದಳು. ಹೇಗೂ ಬಸ್ಸಿನಲ್ಲಿ ನಿದ್ದೆ ಮಾಡುವ ಕೆಲಸ, ಅದರಲ್ಲಿ ನನಗೆ ಒಳ್ಳೆಯ ಅನುಭವವಿತ್ತು. ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೆ ಹೋದೆ.

ಕಾಯಿಲೆಗಿಂತ ಕಷ್ಟವಾದದ್ದು ಪಥ್ಯ. ನೀರು ಗುಟುಕು ಲೆಕ್ಕದಲ್ಲಿ. ಕಾಫಿ ಕುಡಿದರೆ ಅದೂ ನೀರಿನಲ್ಲೇ ಜಮೆ, ಸಾರೂ ಜಮೆ. ಮುದ್ದೆ ಉಣ್ಣುವ ಮನುಷ್ಯನಿಗೆ ಸಾರು ಕಡಿಮೆ ಹಾಕಿಕೊಳ್ಳಿ ಎಂದರೆ ಹೇಗೆ? ಮುದ್ದೆ ಅಗಿಯುವ ವಸ್ತುವಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಭಾವ ಗಂಟಲಲ್ಲಿ ನಿಂತ ತುತ್ತನ್ನು ಎದೆ ನೀವಿಕೊಂಡು ಇಳಿಸುತ್ತಿದ್ದರು. ಸೊಪ್ಪನ್ನು ಬೇಯಿಸಿ, ಬಸಿದು, ನೀರು ಚೆಲ್ಲಿಬಿಟ್ಟು ಬರೀ ಸೊಪ್ಪು ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ನಮ್ಮ ಸೀಮೆಯಲ್ಲಿ ಆ ಬಸಿದ ನೀರೇ ಬಸ್ಸಾರು. ಅದನ್ನು ಚೆಲ್ಲುವುದೆಂದರೆ ಅಕ್ಕನಿಗೆ ಹಾಲು ಚೆಲ್ಲಿದ ಹಾಗೆ. ಮೊದಲ ದಿನ ಪಾತ್ರೆ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಕೊನೆಗೆ ನಾನು ಇಸಿದುಕೊಂಡು ಚೆಲ್ಲಿದೆ.

ಎಲ್ಲಕ್ಕಿಂತ ದೊಡ್ಡ ನಿಷೇಧ ಎಳನೀರಿನದು. ಅದರಲ್ಲಿರುವ ಪೊಟಾಸಿಯಂ ಎಂಬುದನ್ನು ಹೊರಹಾಕಲು ಅವರ ಮೈಗೆ ಶಕ್ತಿಯಿಲ್ಲ, ಒಂದು ಬುರುಡೆ ಎಳನೀರು ಕುಡಿದರೆ ಹೃದಯ ನಿಂತೇ ಹೋಗಬಹುದು ಎಂದು ಡಾಕ್ಟರು ಗದರಿದಂತೆ ಹೇಳಿದ್ದರು. ತೆಂಗಿನ ತೋಟದ ಯಜಮಾನನಿಗೆ! ಗುಬ್ಬಿ ತಾಲ್ಲೂಕಿನಲ್ಲಿ ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳುವ ಮೊದಲು ಎಳನೀರು ಕೆಡವಲು ಆಳನ್ನು ಓಡಿಸುತ್ತಾರೆ. ಜ್ವರ ಬಂದರೆ ಎಳನೀರು, ಉಷ್ಣವಾದರೆ ಎಳನೀರು, ಉರಿಮೂತ್ರಕ್ಕೆ ಎಳನೀರು. ಭಾವನನ್ನು ನೋಡಲು ಬಂದ ನೆಂಟರೆಲ್ಲ ಕೇಳುತ್ತಿದ್ದದ್ದು ಒಂದೇ: “ಕಿಡ್ನಿ ಅಂತೀರ, ದಿನಾ ಒಂದೊಂದು ಎಳನೀರು ಕೊಡ್ತಾ ಇದ್ದೀರೋ ಇಲ್ವೋ?” ಅಕ್ಕ ಕೊಡಬಾರದಂತೆ ಎಂದರೆ ಅವರ ಮುಖದಲ್ಲಿ ಅನುಮಾನ ಕಾಣುತ್ತಿತ್ತು. ತೋಟ ಇಟ್ಟುಕೊಂಡು ಗಂಡನಿಗೆ ಎಳನೀರು ಕೊಡದ ಹೆಂಗಸು ಎಂದು ಹಿಂದಿನಿಂದ ಆಡಿಕೊಂಡವರೂ ಉಂಟು. ಜನ ಕೆಟ್ಟವರೆಂದಲ್ಲ. ಅವರ ಪ್ರೀತಿಗೆ ಗೊತ್ತಿದ್ದದ್ದು ಆ ಒಂದೇ ದಾರಿ.

ಬೆಳಗಿನ ಬಸ್ಸಿಗೆ ನಾವು ಹೊರಡುತ್ತಿದ್ದೆವು. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವುದು ನನ್ನ ಕೆಲಸ. ಕಿಟಕಿಯ ಪಕ್ಕ ಭಾವ, ಈಚೆಗೆ ನಾನು. ಮೊದಮೊದಲು ಒಂದು ದಿನ ಅಭ್ಯಾಸದಂತೆ ಕಣ್ಣು ಮುಚ್ಚಿದೆ. ಭಾವ ಮೊಣಕೈಯಿಂದ ಪಕ್ಕೆಗೆ ತಿವಿದರು.

“ಎದ್ದೇಳ್ಲಾ ಮೇಷ್ಟ್ರೆ. ನಿದ್ದೆ ಮಾಡಕ್ಕೆ ಟಿಕೆಟ್ ತಗಂಡ್ಯಾ?”

“ಏನಿದೆ ಭಾವ ನೋಡಕ್ಕೆ? ಅದೇ ರೋಡು.”

“ಅದೇ ರೋಡಾ? ಮೊನ್ನೆ ಆ ಹೊಲದಾಗೆ ರಾಗಿ ಪೈರು ಗೇಣುದ್ದ ಇತ್ತು. ಈವತ್ತು ನೋಡು. ಆ ತೋಟದೋನು ಮೋಟ್ರು ಕೆಡಿಸ್ಕಂಡವ್ನೆ, ಗರಿ ಎಲ್ಲ ಜೋತು ಬಿದ್ದೈತೆ. ಅಗಾ, ಆಯಮ್ಮ ಮನೆ ಮುಂದ್ಕೆ ಹೊಸದಾಗಿ ಕಲ್ಲು ಹಾಕ್ಸವ್ಳೆ.”

ನನಗೆ ಕಂಡದ್ದು ಹಸಿರು, ಆಮೇಲೆ ಮತ್ತಷ್ಟು ಹಸಿರು. ಗುಬ್ಬಿ ಬಂದರೆ ಕಾಫಿ ಕುಡಿಯುತ್ತಿದ್ದ ಹೋಟೆಲಿನ ಬೋರ್ಡು. ಭಾವ ಆ ಹೊತ್ತಿಗೆ ಬಾಟಲಿಯಿಂದ ಆ ಪುಟ್ಟ ಲೋಟಕ್ಕೆ ಅರ್ಧ ಹಾಕಿಸಿಕೊಂಡು ಒಂದೇ ಗುಟುಕು ಬಾಯಿಗೆ ಬಿಟ್ಟುಕೊಂಡು ನುಂಗದೆ ಇಟ್ಟುಕೊಳ್ಳುತ್ತಿದ್ದರು. ಗುಬ್ಬಿಯ ಸ್ಟ್ಯಾಂಡಿನಿಂದ ಬಸ್ಸು ಹೊರಟು ಹೇರೂರು ದಾಟಿದ ಮೇಲೆ ನುಂಗುತ್ತಿದ್ದರು. ಅಷ್ಟು ದೂರ ಮಾತಿಲ್ಲ. ನನ್ನ ಬ್ಯಾಗಿನಲ್ಲಿ ಇನ್ನೊಂದು ಬಾಟಲಿ ತುಂಬ ನೀರಿರುತ್ತಿತ್ತು. ಅವರ ಎದುರು ಅದನ್ನು ಎತ್ತಲಾಗದೆ ಬಾಯಾರಿಕೊಂಡೇ ತುಮಕೂರು ಮುಟ್ಟುತ್ತಿದ್ದೆ.

ಡಯಾಲಿಸಿಸ್ ವಾರ್ಡಿನ ಬಗ್ಗೆ ಹೆಚ್ಚು ಹೇಳಲಾರೆ. ಸಾಲು ಮಂಚಗಳು, ಪಕ್ಕಕ್ಕೊಂದೊಂದು ಮೆಷಿನ್ನು. ನಳಿಕೆಯಲ್ಲಿ ಮನುಷ್ಯರ ರಕ್ತ ಹೊರಗೆ ಹೋಗಿ ಒಳಗೆ ಬರುತ್ತಿರುತ್ತದೆ. ಸೂಜಿ ಚುಚ್ಚಲೆಂದು ಕೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಹೊಲಿದಿರುತ್ತಾರೆ. ಆ ಜಾಗ ಮುಟ್ಟಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಒಳಗಿಂದ ಅದುರುತ್ತದೆ. ಬರುವವರೆಲ್ಲ ಒಬ್ಬರಿಗೊಬ್ಬರು ಪರಿಚಯ. ಪಾವಗಡದವರು, ಶಿರಾದವರು, ಕೊರಟಗೆರೆಯವರು. ಒಂದು ದಿನ ಯಾರದೋ ಮಂಚದಲ್ಲಿ ಹೊಸ ಮುಖ ಕಾಣುತ್ತದೆ. ಹಳಬರು ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಹೊಸಬರಿಗೆ ಯಾವೂರು ಎಂದು ಕೇಳುತ್ತಾರೆ, ಅಷ್ಟೆ.

ಬರುವಾಗ ಮಾತಿನ ಮನುಷ್ಯನಾಗಿರುತ್ತಿದ್ದ ಭಾವ ಹೋಗುವಾಗ ಒಗೆದು ಹಿಂಡಿದ ಬಟ್ಟೆಯಂತಾಗುತ್ತಿದ್ದರು. ಸೀಟಿಗೆ ತಲೆ ಒರಗಿಸಿದರೆ ಊರಿನ ತನಕ ಎಚ್ಚರವಿಲ್ಲ. ಆದರೆ ದಾರಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿರಲಿಲ್ಲ. ಮನೆ ಮುಟ್ಟಿ, ಸ್ವಲ್ಪ ಸುಧಾರಿಸಿಕೊಂಡು, ಜಗಲಿಯ ಮೇಲೆ ಕೂತು ಕೇಳುತ್ತಿದ್ದರು:

“ಗುಬ್ಬಿ ಕೆರೆ ಹೆಂಗಿತ್ಲಾ?”

“ಚೆನ್ನಾಗಿತ್ತು ಭಾವ.”

“ಚೆನ್ನಾಗಿತ್ತು ಅಂದ್ರೆ? ಹೆಣ್ಣು ನೋಡಕ್ಕೆ ಹೋಗಿದ್ಯಾ? ನೀರು ಎಲ್ಲಿಗಂಟ ಇತ್ತು? ಕೊಕ್ಕರೆ ಬಂದಿದ್ವಾ?”

ನಾನು ತೊದಲುತ್ತಿದ್ದೆ. ಅಕ್ಕ ಬಾಗಿಲಿನಲ್ಲಿ ನಿಂತು ನಗುತ್ತಿದ್ದಳು. “ಅವನ್ನೇನು ಕೇಳ್ತೀರಿ? ಎದುರಿಗೆ ಕುದುರೆ ಹೋದ್ರೂ ಕಾಣಾಕಿಲ್ಲ ಅವನಿಗೆ,” ಎನ್ನುತ್ತಿದ್ದಳು. ಮಕ್ಕಳಿಗೆ ಬದುಕಿಡೀ ಪ್ರಶ್ನೆ ಕೇಳಿದವನು ಈಗ ಉತ್ತರ ಬರದ ಹುಡುಗನಂತೆ ನಿಲ್ಲಬೇಕಾಯಿತು. ಫೇಲಾಗುವುದು ಯಾರಿಗೆ ಇಷ್ಟ? ಹಿಂದಿರುಗುವಾಗ ಕಣ್ಣು ಬಿಟ್ಟುಕೊಂಡು ಕೂರತೊಡಗಿದೆ. ಭಾವನ ತಲೆ ನನ್ನ ಹೆಗಲ ಮೇಲೆ, ನನ್ನ ಕಣ್ಣು ಕಿಟಕಿಯಲ್ಲಿ. ಫೋನು ತೆಗೆಯಲು ಕೈ ಬಿಡುವಿಲ್ಲ, ಅವರು ಜಾರದಂತೆ ಹಿಡಿದುಕೊಂಡಿರಬೇಕು. ಕೆರೆಯಲ್ಲಿ ನೀರು ಎಲ್ಲಿಗೆ ಬಂದಿದೆ, ಯಾರ ಕಣದಲ್ಲಿ ಹುರುಳಿ ಬಡಿಯುತ್ತಿದ್ದಾರೆ, ಮಲ್ಲಸಂದ್ರದ ಬಳಿ ಸ್ಕೂಟರಿನ ಹಿಂದೆ ಕೂತ ಮುದುಕಿ ಎಷ್ಟು ಗಟ್ಟಿಯಾಗಿ ಮೊಮ್ಮಗನನ್ನು ತಬ್ಬಿಕೊಂಡಿದ್ದಾಳೆ, ಎಲ್ಲವನ್ನೂ ಒಪ್ಪಿಸಬೇಕು. ಒಪ್ಪಿಸಿದ ದಿನ ಭಾವ, “ಪರ್ವಾಗಿಲ್ಲ, ಪಾಸು,” ಎನ್ನುತ್ತಿದ್ದರು. ಕಾಶಿಗೆ ಹೋದಾಗ ಬಾರದ ನೆಮ್ಮದಿ ನನಗೆ ಆ ಮಾತಿನಿಂದ ಬರುತ್ತಿತ್ತು. ಹಾಗೆಂದು ನನಗೆ ಜ್ಞಾನೋದಯವಾಯಿತು ಎಂದು ತಿಳಿಯಬೇಡಿ. ಈ ಮನುಷ್ಯ ಬೇಗ ಹೋಗಿಬಿಡುತ್ತಾರೆ ಎನ್ನುವ ಹೆದರಿಕೆ ಹೊಟ್ಟೆಯಲ್ಲಿ ಕೂತಿದ್ದರೆ ಎಂಥ ಸೋಮಾರಿಗೂ ನಿದ್ದೆ ಬರುವುದಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಬಿತ್ತು. ಕುಣಿಗಲ್ ಕೆರೆ ತುಂಬಿ ಕೋಡಿ ಬಿದ್ದಿದೆ ಎಂದು ಸುಮ ಫೋನಿನಲ್ಲಿ ಹೇಳಿದಳು. ಭಾವ ಅಂದು ರಾತ್ರಿ ಊಟದ ತಟ್ಟೆಯ ಮುಂದೆ ಕೂತು, “ಆಸ್ಪತ್ರೆ ಇಲ್ದಿರೋ ಕಡೀಕೆ ಒಂದ್ಸಲ ಹೋಗ್ಬೇಕು ಕಣ್ಲಾ. ಕುಣಿಗಲ್ ಕೆರೆ ನೋಡ್ಬೇಕು,” ಎಂದರು.

ಅಕ್ಕ ಸೌಟು ಹಿಡಿದವಳು ತಿರುಗಿದಳು. “ನೀರೇ ಕುಡಿಯಂಗಿಲ್ಲ, ಕೆರೆ ನೋಡಿ ಏನ್ ಮಾಡ್ತೀರಿ? ಹೊಟ್ಟೆ ಉರ್ಸ್ಕೊಳಕ್ಕಾ?”

“ಕುಡೀಬ್ಯಾಡ ಅಂದವ್ರೆ. ನೋಡ್ಬ್ಯಾಡ ಅಂದಿಲ್ವಲ್ಲ ಡಾಕ್ಟ್ರು.”

ಅಕ್ಕ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಭಾವನ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದು ಕುರ್ಚಿಯ ಮೇಲೆ ಇಟ್ಟಳು. ಅವಳ ಒಪ್ಪಿಗೆ ಯಾವಾಗಲೂ ಹೀಗೇ.

ಡಯಾಲಿಸಿಸ್ ಇಲ್ಲದ ಒಂದು ದಿನ ಬಸ್ಸು ಬದಲಿಸಿಕೊಂಡು ಇಬ್ಬರೂ ಕುಣಿಗಲ್ಲಿಗೆ ಹೋದೆವು. ಆಟೋದವನು ಕೆರೆ ಏರಿಯ ಹತ್ತಿರ ಬಿಟ್ಟ. ನಾನು ಎಷ್ಟು ಸಲ ಆ ಕೆರೆಯ ಪಕ್ಕ ಓಡಾಡಿದವನು! ಅವತ್ತು ನೋಡಿದಂತೆ ಎಂದೂ ನೋಡಿರಲಿಲ್ಲ. ಕಣ್ಣು ಹೋದಷ್ಟು ದೂರ ನೀರು. ಗಾಳಿ ಬೀಸಿದಾಗ ಅಲೆ ಏರಿಯ ಕಲ್ಲಿಗೆ ಬಡಿದು ನಮ್ಮ ಮುಖದ ತನಕ ಹನಿ ಹಾರುತ್ತಿತ್ತು. ಭಾವ ಮೆಲ್ಲಗೆ ಕಲ್ಲುಗಳ ಮೇಲೆ ಇಳಿದರು. ನಾನು ತೋಳು ಹಿಡಿದೆ. ಚಪ್ಪಲಿ ಬಿಟ್ಟು ಕಾಲು ನೀರಿಗಿಟ್ಟರು. ಆ ಕಾಲುಗಳು ಊದಿಕೊಂಡಿದ್ದವು, ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಮೈಯೊಳಗೂ ನೀರು, ಹೊರಗೂ ನೀರು, ಗಂಟಲಿಗೆ ಮಾತ್ರ ಇಲ್ಲ.

ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡರು. “ಭಾವ…” ಎಂದೆ.

“ಸುಮ್ಕಿರ್ಲಾ. ಕುಡಿಯಾಕಿಲ್ಲ.” ಬೊಗಸೆಯನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತಾ ನಿಂತರು. ನೀರು ಬೆರಳ ಸಂದಿಯಲ್ಲಿ ಸೋರಿ ಹೋಗುವ ತನಕ ನೋಡಿದರು. ಆಮೇಲೆ ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, “ಹುಟ್ಟಿದಾಗಿಂದ ಇದನ್ನ ಕುಡ್ಕಂಡೇ ಬಂದೆ. ಒಂದಿನಾನೂ ನೋಡಿರ್ನಿಲ್ಲ ನೋಡು,” ಎಂದರು. ಅವರ ಗಂಟಲಿನಲ್ಲಿ ದುಃಖವೇನೂ ಇರಲಿಲ್ಲ. ತೋಟದಲ್ಲಿ ಕಳೆದುಹೋದ ಕತ್ತಿ ಸಿಕ್ಕಿತು ಎಂದು ಹೇಳುವ ಹಾಗೆ ಹೇಳಿದರು. ನನಗೆ ಅಳು ಬಂದು, ಅಲೆಯ ಹನಿ ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ಲಿಗೆ ಮುಖ ಕೊಟ್ಟೆ.

ಊರಿಗೆ ಬಂದು ಬೀಗರ ಮನೆಗೆ ಹೋಗದಿದ್ದರೆ ಆಗುತ್ತದೆಯೇ? ಸುಮ ಶಾಲೆಗೆ ಹೋಗಿದ್ದಳು. ಅವಳ ಅತ್ತೆ ಒಬ್ಬರೇ ಇದ್ದರು. ನಮ್ಮನ್ನು ಕಂಡದ್ದೇ ಕೈಕಾಲು ತೊಳೆಯಲು ನೀರು ಕೊಟ್ಟು, ಚಾಪೆ ಹಾಸಿ, ಹಿತ್ತಲಿಗೆ ಹೋದರು. ಮಚ್ಚಿನ ಸದ್ದು ಕೇಳಿತು. ಏನಾಗುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಆ ತಾಯಿ ಎರಡು ಕೈಯಲ್ಲಿ ಎರಡು ಎಳನೀರು ಹಿಡಿದುಕೊಂಡು ಬಂದು ಭಾವನ ಮುಂದೆ ನಿಂತಿದ್ದರು.

“ಕುಡೀರಿ ಅಣ್ಣಯ್ಯ. ಕಿಡ್ನಿಗೆ ಇದಕ್ಕಿಂತ ಒಳ್ಳೇದು ಯಾವ್ದೈತೆ? ನಿಮಗೇ ಅಂತ ಬೆಳಿಗ್ಗೇನೇ ಕೆಡವ್ಸಿದ್ದೆ. ಸುಮ ಹೇಳಿದ್ಲು ನೀವು ಬತ್ತೀರ ಅಂತ.”

ಬೀಗರ ಮನೆಯಲ್ಲಿ ಕೊಟ್ಟ ಎಳನೀರು ಬೇಡ ಎನ್ನುವುದು ಸಾಮಾನ್ಯ ಮಾತಲ್ಲ. ಅದರಲ್ಲೂ ಮಗಳು ಬಾಳುವ ಮನೆ. ನಾನು ಬಾಯಿ ತೆರೆದೆ. ಭಾವ ಕಣ್ಣಿನಲ್ಲೇ ತಡೆದು, ಎರಡು ಕೈ ಚಾಚಿ ಬುರುಡೆ ತೆಗೆದುಕೊಂಡರು. ಮೂಗಿನ ಹತ್ತಿರ ಒಯ್ದರು. ಒಂದು ಕ್ಷಣ ಅವರ ತುಟಿ ಅಲುಗಿದ್ದು ಕಂಡಿತು. ಆಸೆ ಎನ್ನುವುದನ್ನು ಅಷ್ಟು ಹತ್ತಿರದಿಂದ ನಾನು ಬೇರೆ ಯಾರ ಮುಖದಲ್ಲೂ ನೋಡಿಲ್ಲ. ಅವರ ಕೈಯಿಂದ ಕಿತ್ತುಕೊಳ್ಳಬೇಕೆಂದು ನಾನು ಅರ್ಧ ಎದ್ದೂ ಬಿಟ್ಟಿದ್ದೆ. ಅವರೇ ಬುರುಡೆಯನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಕಡೆ ನೀಡಿದರು.

“ತಾಯಿ, ನಿಮ್ಮ ಎಳನೀರು ನನಗೆ ಸೇರ್ತು ಅಂತ್ಲೇ ತಿಳ್ಕಳಿ. ನಮ್ಮ ಮೇಷ್ಟ್ರು ಕುಡೀತಾನೆ, ನಾನು ನೋಡ್ತೀನಿ.”

ನಾನು ಗಟಗಟನೆ ಎತ್ತಿದೆ. ಮುಗಿಸಿಬಿಟ್ಟರೆ ಸಾಕಿತ್ತು ನನಗೆ.

“ಎಮ್ಮೆ ಥರ ಕುಡೀಬ್ಯಾಡ್ಲಾ. ಮೆಲ್ಲಕ್ಕೆ. ಹೆಂಗೈತೆ ಹೇಳು.”

“ಸಿಹಿ ಐತೆ ಭಾವ.”

“ಅದು ಮಗಿಗೂ ಗೊತ್ತು. ಇನ್ನೊಂದು ಗುಟುಕು ತಗಂಡು ಹೇಳು.”

ಇನ್ನೊಂದು ಗುಟುಕು ಬಾಯಲ್ಲಿ ಇಟ್ಟುಕೊಂಡೆ. ಹುಟ್ಟಿದಂದಿನಿಂದ ಕುಡಿದ ಎಳನೀರಿನ ರುಚಿ ಅವತ್ತು ನಾಲಗೆಗೆ ಗೊತ್ತಾಯಿತು. ಮೊದಲು ತಣ್ಣಗೆ, ಆಮೇಲೆ ಸಿಹಿ, ಕೊನೆಗೆ ಗಂಟಲಲ್ಲಿ ಒಂದು ಚೂರು ಉಪ್ಪು. ಅದನ್ನೇ ಹೇಳಿದೆ. ಭಾವ ಕಣ್ಣು ಮುಚ್ಚಿಕೊಂಡು ಕೇಳಿ, “ಹ್ಞೂಂ,” ಎಂದರು. ಆಮೇಲೆ ಬುರುಡೆ ಒಡೆಸಿ ಒಳಗಿನ ಎಳೆಯ ಗಂಜಿಯನ್ನೂ ನನ್ನಿಂದಲೇ ತಿನ್ನಿಸಿದರು. ವಿಷಯ ತಿಳಿದ ಮೇಲೆ ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು, “ನಾನೆಂಥ ಪಾಪಿ, ವಿಷ ತಂದು ಕೊಟ್ಟಂಗಾಯ್ತಲ್ಲ,” ಎಂದು ಅತ್ತರು. ಭಾವ, “ಬುಡಿ ತಾಯಿ. ಪ್ರೀತಿಯಿಂದ ಕೊಟ್ರಿ, ಪ್ರೀತಿಯಿಂದ ಇಸ್ಕಂಡೆ. ಆಯ್ತಲ್ಲ,” ಎಂದು ಅವರನ್ನೇ ಸಮಾಧಾನ ಮಾಡಿದರು. ಹಿಂದಿರುಗುವಾಗ ಬಸ್ಸಿನಲ್ಲಿ ಅವರು ನಿದ್ದೆ ಮಾಡಲಿಲ್ಲ. ಇಬ್ಬರೂ ಕಿಟಕಿಯಿಂದ ಆಚೆ ನೋಡಿಕೊಂಡು ಬಂದೆವು. ನನ್ನ ಬದುಕಿನ ಪ್ರವಾಸ ಎಂದರೆ ಅದೊಂದೇ.

ಚಳಿಗಾಲಕ್ಕೆ ಭಾವನ ಮೈ ಕೈಕೊಟ್ಟಿತು. ಮೆಷಿನ್ನಿಗೆ ಹಾಕಿದರೆ ಸಾಕು, ಬಿ.ಪಿ. ಪಾತಾಳಕ್ಕೆ ಇಳಿಯುತ್ತಿತ್ತು. ಹೃದಯ ತಡೆಯುತ್ತಿಲ್ಲ ಎಂದರು. ಒಂದು ವಾರ ಅಲ್ಲೇ ಮಲಗಿಸಿಕೊಂಡರು. ಅಕ್ಕನನ್ನು ಕಾರು ಮಾಡಿ ಕರೆಸಿಕೊಂಡೆ. ಕೊನೆಗೆ ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನೂ ಅಕ್ಕನನ್ನೂ ಹೊರಗೆ ಕರೆದು, ಒಳ್ಳೆಯ ಮನುಷ್ಯ, ನೆಲ ನೋಡಿಕೊಂಡು ಹೇಳಿದರು: “ಮನೆಗೆ ಕರ್ಕೊಂಡು ಹೋಗಿಬಿಡಿ. ಇನ್ನು ಪಥ್ಯ ಏನೂ ಬೇಡ. ಏನು ಕೇಳ್ತಾರೋ ಕೊಡಿ.”

ಅಕ್ಕ ಅಳಲಿಲ್ಲ. ಹೊರಗಿನ ನಲ್ಲಿಗೆ ಹೋಗಿ, ಬಾಟಲಿ ತೊಳೆದು, ತುಂಬ ನೀರು ಹಿಡಿದುಕೊಂಡು ಬಂದಳು.

ಆಂಬುಲೆನ್ಸಿನಲ್ಲಿ ಭಾವನನ್ನು ಮಲಗಿಸಿದರು. ಕಿಟಕಿಯ ಗಾಜಿಗೆ ಮುಕ್ಕಾಲು ಭಾಗ ಬಿಳಿ ಬಣ್ಣ ಬಳಿದಿದ್ದರು. ಮೇಲುಗಡೆ ಒಂದು ಪಟ್ಟಿಯಷ್ಟು ಮಾತ್ರ ಬಯಲು. ಮಲಗಿದವರಿಗೆ ಅಲ್ಲಿಂದ ಆಕಾಶ ಬಿಟ್ಟರೆ ಏನೂ ಕಾಣದು. ಗಾಡಿ ತುಮಕೂರಿನ ಗುಬ್ಬಿ ಗೇಟು ದಾಟುವಾಗ ಅಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಅವರ ತಲೆಯ ಕೆಳಗೆ ಕೈ ಕೊಟ್ಟಳು.

“ಕುಡೀರಿ.”

ಭಾವ ಬೇಡವೆಂದು ತಲೆ ಆಡಿಸಿದರು.

“ಕುಡೀರಿ. ಎಷ್ಟು ಬೇಕಾದ್ರೂ ಕೊಡಿ ಅಂದವ್ರೆ ಡಾಕ್ಟ್ರು.”

ಭಾವ ಅವಳ ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಅಕ್ಕ ಕಣ್ಣು ತಪ್ಪಿಸಲಿಲ್ಲ. “ಹಂಗಂದ್ರಾ?” ಎಂದರು ಮೆಲ್ಲಗೆ. ಆಮೇಲೆ ಬಾಯಿ ತೆರೆದರು. ಎರಡು ಗುಟುಕು ಇಳಿಯಿತು, ಮೂರನೆಯದು ಕಟವಾಯಿಯಿಂದ ಹರಿದು ದಿಂಬಿಗೆ ಹೋಯಿತು. “ತಣ್ಣಗೈತೆ,” ಎಂದರು. ಅಕ್ಕ ಸೆರಗಿನಿಂದ ಅವರ ಗಲ್ಲ ಒರೆಸಿದಳು. ಅಷ್ಟು ದಿನ ಅವಳೇ ಬೇಡ ಬೇಡ ಎಂದು ತಡೆದ ನೀರು.

“ಎಲ್ಲಿದೀವ್ಲಾ ಮೇಷ್ಟ್ರೆ?”

ನಾನು ಸೀಟಿನಿಂದ ಎದ್ದು, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಬಗ್ಗಿ ಆ ಪಟ್ಟಿಯಷ್ಟು ಗಾಜಿನಿಂದ ನೋಡಿದೆ. “ಮಲ್ಲಸಂದ್ರ ಭಾವ. ಮಕ್ಕಳು ಸ್ಕೂಲು ಬಿಟ್ಟು ಬರ್ತಾ ಅವ್ರೆ. ಒಬ್ಬಳು ಚಪ್ಪಲಿ ಕೈಲಿ ಹಿಡ್ಕಂಡು ಓಡ್ತಾವ್ಳೆ.”

“ಹ್ಞೂಂ.”

“ಹೇರೂರು ಬಂತು. ರೋಡಿನ ಪಕ್ಕದಾಗೆ ಹುಣಸೆಹಣ್ಣು ಹರವವ್ರೆ.”

“ಹ್ಞೂಂ.”

“ಗುಬ್ಬಿ. ಕೆರೆ ತುಂಬ ಐತೆ ಭಾವ. ಕೊಕ್ಕರೆ ಅವೆ, ಆ ದಡದಾಗೆ. ಒಂದಷ್ಟು ಈಗ ಎದ್ವು.”

“ಎದ್ವಾ?” ಎಂದರು. ಅದೊಂದು ಮಾತು ಚೆನ್ನಾಗಿ ಕೇಳಿಸಿತು.

ಗುಬ್ಬಿ ಬಿಟ್ಟು ಊರ ರಸ್ತೆಗೆ ತಿರುಗಿದೆವು. ನಾನು ಹೇಳುತ್ತಾ ಹೋದೆ. ರಾಗಿ ಕೊಯ್ದ ಹೊಲದಲ್ಲಿ ಕುರಿ ಮಂದೆ ಬಿಟ್ಟಿದ್ದಾರೆ. ಮೋಟ್ರು ಕೆಡಿಸಿಕೊಂಡಿದ್ದವನ ತೋಟಕ್ಕೆ ಈಗ ನೀರು ಹರಿಯುತ್ತಿದೆ. ಯಾರದೋ ಮನೆಯ ಮುಂದೆ ಚಪ್ಪರ ಹಾಕುತ್ತಿದ್ದಾರೆ, ಮದುವೆ ಇರಬೇಕು. ಹ್ಞೂಂ ಎನ್ನುವ ದನಿ ಬರಲಿಲ್ಲ. ನಿದ್ದೆ ಹತ್ತಿರಬೇಕು ಎಂದುಕೊಂಡು ಮಾತು ನಿಲ್ಲಿಸಿ ತಿರುಗಿದೆ. ಅಕ್ಕನ ಒಂದು ಕೈ ಭಾವನ ಎದೆಯ ಮೇಲಿತ್ತು. ಇನ್ನೊಂದು ಕೈಯ ಬೆರಳನ್ನು ಅವರ ಮೂಗಿನ ಬಳಿ ಹಿಡಿದುಕೊಂಡಿದ್ದಳು. ಡ್ರೈವರಿಗೆ ಹೇಳಲೆಂದು ನಾನು ಬಾಯಿ ತೆರೆದೆ. ಅವಳು ಬೇಡವೆಂದು ತಲೆಯಾಡಿಸಿದಳು.

“ಹೇಳು ನಂಜುಂಡ. ನಿಲ್ಲಿಸ್ಬ್ಯಾಡ. ಮನೆಗಂಟ ಹೇಳು.”

ನಾನು ಮತ್ತೆ ಗಾಜಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಒರೆಸಿಕೊಳ್ಳದಿದ್ದರೆ ಏನೂ ಕಾಣುತ್ತಿರಲಿಲ್ಲ.

“ಸಿ.ಎಸ್. ಪುರ ಬಂತು ಭಾವ,” ಎಂದೆ. “ಸಂತೆ ಮಾಳ ಖಾಲಿ ಐತೆ. ಅಂಗಡಿಯೋರು ಎದ್ದು ನಿಂತು ನೋಡ್ತಾ ಅವ್ರೆ. ಈಗ ನಮ್ಮ ರೋಡು. ಎಡಗಡೆ ಹುರುಳಿ ಚೆನ್ನಾಗಿ ಬಂದೈತೆ. ತೋಟ ಕಾಣ್ತಾ ಐತೆ ಭಾವ. ಗೇಟು ತೆಗೆದವ್ರೆ.”